ಒಂದು ಕಾಲಿಗೆ ಕಪ್ಪು ಬೂಟು

ಗೂಢಚಾರರ ಸಿನಿಮಾ ಎಂದ ಕೂಡಲೇ ನನ್ನ ವಯಸ್ಸಿನವರಿಗೆ ಕಣ್ಣ ಮುಂದೆ ಬರುವುದು ರಾಜ್‌ಕುಮಾರ್. 1968ರಲ್ಲಿ ದೊರೆ-ಭಗವಾನ್ ಜೋಡಿ ‘ಜೇಡರ ಬಲೆ’ ತೆಗೆದಾಗ ಕನ್ನಡಕ್ಕೂ ಒಬ್ಬ ಬಾಂಡ್ ಬಂದ. ಅವನ ನಂಬರು 999. ಅದೇ ವರ್ಷ ಅವನು ಗೋವಾಕ್ಕೆ ಹೋದ, ಮರುವರ್ಷ ಜಾಕ್‌ಪಾಟ್ ಹಿಡಿದ, 1978ರಲ್ಲಿ ವಜ್ರದ ಕಳ್ಳಸಾಗಣೆದಾರರ ಬೆನ್ನು ಹತ್ತಿದ. ಸೂಟು, ಟೈ, ಪಿಸ್ತೂಲು, ಬೇಕಾದಾಗ ಒಂದು ಹಾಡು. ಖಳನ ಅಡ್ಡೆ ಎಲ್ಲಿದೆ, ಯಾವ ಗೋಡೆ ಒತ್ತಿದರೆ ಬಾಗಿಲು ತೆರೆದುಕೊಳ್ಳುತ್ತದೆ, ಎಲ್ಲವೂ 999ಗೆ ಗೊತ್ತು. ಗೊತ್ತಿಲ್ಲದ್ದು ಬೆಂಚಿನ ಮೇಲೆ ಕೂತ ನಮಗೆ ಮಾತ್ರ.

ಈ ವಾರ ಹೇಳಹೊರಟಿರುವ ಸಿನಿಮಾ ಇದಕ್ಕೆ ತದ್ವಿರುದ್ಧ. ಇಲ್ಲಿ ನೋಡುವ ನಮಗೆ ಎಲ್ಲವೂ ಗೊತ್ತು, ನಾಯಕನಿಗೆ ಒಂದು ಎಳ್ಳಷ್ಟೂ ಗೊತ್ತಿಲ್ಲ. ಅವನ ಸುತ್ತ ಗುಂಡು ಹಾರುತ್ತವೆ, ಮನೆಯಲ್ಲಿ ಹೆಣ ಬೀಳುತ್ತವೆ, ಫೋನಿನೊಳಗೆ ಯಾರದೋ ಕಿವಿ ಕೂತಿರುತ್ತದೆ. ಅವನಿಗಿರುವ ಚಿಂತೆ ಮಾತ್ರ ಪಿಟೀಲಿನದು ಮತ್ತು ಪ್ರೀತಿಯದು.

ಸಿನಿಮಾ ಫ್ರೆಂಚ್ ಭಾಷೆಯದು. 1972ರ ಡಿಸೆಂಬರಿನಲ್ಲಿ ತೆರೆಗೆ ಬಂತು. ಹೆಸರು ‘ಲ ಗ್ರಾಂ ಬ್ಲೋಂ ಅವೆಕ್ ಯೂನ್ ಶೋಸ್ಯೂರ್ ನ್ವಾರ್’. ಬಾಯಿ ತಿರುಗದಿದ್ದರೆ ಚಿಂತೆಯಿಲ್ಲ, ನಮ್ಮ ಮಾತಿನಲ್ಲಿ ‘ಒಂದು ಕಪ್ಪು ಬೂಟಿನ ಎತ್ತರದ ಹೊಂಗೂದಲಿನವ’ ಅಂದುಕೊಳ್ಳಿ. ನಿರ್ದೇಶಕ ಈವ್ ರೋಬೇರ್. ಮರುವರ್ಷ ಬರ್ಲಿನ್ ಚಿತ್ರೋತ್ಸವದಲ್ಲಿ ಇದಕ್ಕೆ ಬೆಳ್ಳಿ ಕರಡಿ ಪ್ರಶಸ್ತಿ ಸಿಕ್ಕಿತು. ನಗೆ ಚಿತ್ರಗಳಿಗೆ ಅಂಥ ಕಡೆ ಮರ್ಯಾದೆ ಸಿಗುವುದು ಅಪರೂಪ ಎಂಬುದು ನಿಮಗೂ ಗೊತ್ತು.

ಕಥೆಗೆ ಬರೋಣ. ಫ್ರಾನ್ಸಿನ ಗೂಢಚಾರ ಇಲಾಖೆಯ ಮುಖ್ಯಸ್ಥ ತೂಲೂಸ್. ಶಾಂತ ಮುಖ, ಚೊಕ್ಕ ಮೀಸೆ. ಅವನ ಕೈ ಕೆಳಗೆ ಮಿಲಾನ್. ಮಿಲಾನನಿಗೆ ತೂಲೂಸನ ಕುರ್ಚಿಯ ಮೇಲೆ ಕಣ್ಣು. ನ್ಯೂಯಾರ್ಕಿನಲ್ಲಿ ಒಬ್ಬ ಫ್ರೆಂಚ್ ಏಜೆಂಟ್ ಮಾದಕ ವಸ್ತುವಿನೊಂದಿಗೆ ಸಿಕ್ಕಿಬಿದ್ದು ತೂಲೂಸನ ಹೆಸರು ಹೇಳುವಂತೆ ಏರ್ಪಾಡಾಗುತ್ತದೆ. ಪತ್ರಿಕೆಗಳಲ್ಲಿ ಗದ್ದಲ. ಇದು ಯಾರ ಕೈವಾಡ ಎಂದು ತೂಲೂಸನಿಗೆ ಗೊತ್ತು. ತನ್ನ ಮನೆಯ ಗೋಡೆಗಳೊಳಗೆ ಮಿಲಾನ್ ಮೈಕ್ ಇಡಿಸಿದ್ದಾನೆ ಎಂಬುದೂ ಗೊತ್ತು. ಬೇರೆ ಯಾರಾದರೂ ಆಗಿದ್ದರೆ ಮೈಕ್ ಕಿತ್ತು ಬಿಸಾಡುತ್ತಿದ್ದರು. ತೂಲೂಸ್ ಹಾಗೆ ಮಾಡುವುದಿಲ್ಲ. ಮೈಕಿಗೆ ಕೇಳಿಸುವಂತೆ ಸಹಾಯಕನ ಹತ್ತಿರ ಗಟ್ಟಿಯಾಗಿ ಹೇಳುತ್ತಾನೆ: ನಾಳೆ ಬೆಳಿಗ್ಗೆ ಓರ್ಲಿ ವಿಮಾನ ನಿಲ್ದಾಣಕ್ಕೆ ಒಬ್ಬ ಬರುತ್ತಾನೆ, ಅವನಿಂದ ಎಲ್ಲ ಬಯಲಾಗುತ್ತದೆ, ನೀನು ಹೋಗಿ ಕರೆದುಕೊಂಡು ಬಾ.

ಅಂಥ ಮನುಷ್ಯ ಯಾರೂ ಇಲ್ಲ. ಮೈಕಿಲ್ಲದ ಕಡೆ ಸಹಾಯಕನಿಗೆ ಸಿಗುವ ನಿಜವಾದ ಆಜ್ಞೆ ಇಷ್ಟೇ: ನಿಲ್ದಾಣದಲ್ಲಿ ಇಳಿಯುವ ಜನರಲ್ಲಿ ಯಾರಾದರೂ ಒಬ್ಬನನ್ನು ಆರಿಸಿಕೋ. ಯಾರಾದರೂ ಸರಿ.

ಆಮೇಲೆ ಬರುವುದು ನನಗೆ ಇಡೀ ಸಿನಿಮಾದಲ್ಲಿ ಅತ್ಯಂತ ಇಷ್ಟದ ದೃಶ್ಯ. ಸಹಾಯಕ ನಿಂತು ಜನರನ್ನು ನೋಡುತ್ತಾನೆ. ಅವನು ನೋಡುವುದನ್ನು ಮಿಲಾನನ ಕಡೆಯವರು ಮರೆಯಿಂದ ನೋಡುತ್ತಿದ್ದಾರೆ. ಇವನ ಕಣ್ಣು ಒಬ್ಬ ಪ್ರಯಾಣಿಕನ ಮೇಲೆ ಬಿದ್ದಾಗ ಅವರೆಲ್ಲರ ಕಣ್ಣೂ ಅತ್ತ ಓಡುತ್ತದೆ, ಇವನು ಬೇಡವೆಂದು ಬಿಟ್ಟಾಗ ಅವರೂ ಬಿಡುತ್ತಾರೆ. ಕೊನೆಗೆ ಕೆದರಿದ ಹೊಂಬಣ್ಣದ ಗುಂಗುರು ಕೂದಲಿನ ಒಬ್ಬ ಉದ್ದನೆಯ ಮನುಷ್ಯ ಕಾಣಿಸುತ್ತಾನೆ. ಒಂದು ಕಾಲಿಗೆ ಕಪ್ಪು ಬೂಟು, ಇನ್ನೊಂದಕ್ಕೆ ಬೇರೆ ಬಣ್ಣದ್ದು. ಅವನ ವಾದ್ಯವೃಂದದ ಗೆಳೆಯರು ತಮಾಷೆಗೆ ಒಂದು ಬೂಟು ಅಡಗಿಸಿಬಿಟ್ಟಿದ್ದಾರೆ, ಪಾಪ, ಸಿಕ್ಕಿದ್ದನ್ನು ಹಾಕಿಕೊಂಡು ಬಂದಿದ್ದಾನೆ. ಇವನೇ ಸರಿ ಎಂದು ಸಹಾಯಕ ಮುಂದೆ ಹೆಜ್ಜೆ ಹಾಕುತ್ತಾನೆ.

ಅಷ್ಟೇ. ಆ ಕ್ಷಣದಿಂದ ಫ್ರಾನ್ಸ್ವಾ ಪೆರಾಂ ಎಂಬ ಪಿಟೀಲು ವಾದಕ ದೇಶದ ಅತಿ ಅಪಾಯಕಾರಿ ಏಜೆಂಟ್ ಆಗಿಬಿಡುತ್ತಾನೆ. ಅವನನ್ನು ಬಿಟ್ಟು ಎಲ್ಲರ ಲೆಕ್ಕದಲ್ಲೂ.

ಮಿಲಾನನ ಪಡೆ ಅವನ ಹಿಂದೆ ಬೀಳುತ್ತದೆ. ಮನೆ ಜಾಲಾಡುತ್ತಾರೆ, ಮೈಕ್ ಹುದುಗಿಸುತ್ತಾರೆ, ಫೋನು ಕದ್ದು ಕೇಳುತ್ತಾರೆ, ಅವನು ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಅದಕ್ಕೂ ಒಂದು ಅರ್ಥ ಹುಡುಕುತ್ತಾರೆ. ಏನೂ ಸಿಗುವುದಿಲ್ಲ. ಏನೂ ಸಿಗದಿದ್ದಾಗ ನಾವಾದರೆ ‘ಪಾಪದವನು, ಬಿಟ್ಟುಬಿಡೋಣ’ ಅಂದುಕೊಳ್ಳುತ್ತೇವೆ. ಮಿಲಾನ್ ಬುದ್ಧಿವಂತ, ಹಾಗೆ ಅಂದುಕೊಳ್ಳುವುದಿಲ್ಲ. ಒಂದೂ ಸುಳಿವು ಬಿಡದೆ ಬದುಕುತ್ತಿದ್ದಾನೆ ಎಂದರೆ ಇವನೆಂಥ ಪಳಗಿದ ಕೈ ಇರಬೇಕು ಎಂದು ಅವನ ಗೌರವ ಹೆಚ್ಚುತ್ತಾ ಹೋಗುತ್ತದೆ! ಪೆರಾಂ ಎಡವಿದರೆ ಅದು ಸಂಜ್ಞೆ. ಗೆಳೆಯನೊಂದಿಗೆ ಹರಟಿದರೆ ಅದು ಸಂಕೇತ ಭಾಷೆ. ಎರಡು ಬಣ್ಣದ ಬೂಟಂತೂ ದೊಡ್ಡ ರಹಸ್ಯ.

ನಮ್ಮಲ್ಲಿ ಕಾಮಾಲೆ ಕಣ್ಣಿನ ಗಾದೆ ಇದೆಯಲ್ಲ, ಅದನ್ನೇ ಒಂದೂವರೆ ಗಂಟೆ ಎಳೆದರೆ ಈ ಸಿನಿಮಾ. ಆದರೆ ಗಾದೆಯಲ್ಲಿ ಇಲ್ಲದ ಒಂದು ವಿಷಯ ಇದರಲ್ಲಿದೆ. ಕಾಮಾಲೆ ಇಲ್ಲಿ ತಾನಾಗಿ ಬಂದದ್ದಲ್ಲ, ತೂಲೂಸ್ ಅಂಟಿಸಿದ್ದು. ತಾನು ಸುಮ್ಮನೆ ಕೂತು ಒಂದು ಮಾತು ಹರಿಯಬಿಟ್ಟರೆ ಸಾಕು, ಉಳಿದದ್ದನ್ನು ಸಂಶಯವೇ ನೋಡಿಕೊಳ್ಳುತ್ತದೆ ಎಂದು ಅವನಿಗೆ ಗೊತ್ತು. ನಿರಪರಾಧಿಯನ್ನು ಹೀಗೆ ಬಲಿ ಕೊಡುವುದೇ ಎಂದು ಸಹಾಯಕನಿಗೆ ಒಳಗೊಳಗೇ ಕಸಿವಿಸಿ. ತೂಲೂಸನಿಗೆ ಅಂಥದ್ದೇನೂ ಇಲ್ಲ. ರೋಷ್‌ಫೋರ್ ಎಂಬ ನಟ ಈ ಪಾತ್ರವನ್ನು ಎಷ್ಟು ನಯವಾಗಿ ಮಾಡಿದ್ದಾರೆಂದರೆ, ಅವನು ಮಾಡುತ್ತಿರುವುದು ಎಂಥ ಕೆಲಸ ಎಂದು ನಮಗೆ ಹೊಳೆಯುವ ಹೊತ್ತಿಗೆ ನಾವು ನಾಲ್ಕೈದು ಸಲ ನಕ್ಕು ಆಗಿರುತ್ತದೆ.

ಇದನ್ನು ಮನೆಯಲ್ಲಿ ಇತ್ತೀಚೆಗೆ ಮತ್ತೆ ನೋಡಿದೆವು. ಏಳನೆಯ ತರಗತಿಯ ಮೊಮ್ಮಗಳು ಅಡಿಬರಹ ಓದಿ ಕನ್ನಡದಲ್ಲಿ ಹೇಳುವುದು, ನನ್ನ ಅತ್ತಿಗೆ ಕೇಳಿಸಿಕೊಳ್ಳುವುದು ಎಂದು ಒಪ್ಪಂದವಾಗಿತ್ತು. ಹತ್ತು ನಿಮಿಷಕ್ಕೇ ಒಪ್ಪಂದ ಮುರಿದುಬಿತ್ತು. ಮಾತೇ ಬೇಕಾಗಲಿಲ್ಲ. ಪೆರಾಂ ಪಾತ್ರದ ಪಿಯೇರ್ ರಿಷಾರ್ ನಡೆಯುವುದನ್ನು ನೋಡಿದರೇ ಸಾಕು. ಕೈಕಾಲುಗಳು ತನ್ನವೇ ಎಂದು ಅವರಿಗೆ ಈಗಷ್ಟೇ ಯಾರೋ ಹೇಳಿದಂತಿರುತ್ತದೆ. ಅತ್ತಿಗೆಗೆ ಮಾತ್ರ ಒಂದು ಪ್ರಶ್ನೆ ಕೊನೆವರೆಗೂ ಬಗೆಹರಿಯಲಿಲ್ಲ. “ಅಲ್ಲ, ಇಷ್ಟು ಜನ ಇವನ ಹಿಂದೆ ಬಿದ್ದಿದ್ದಾರೆ, ಒಬ್ಬನಾದರೂ ಬಂದು ‘ನೀನು ಯಾರಪ್ಪ’ ಅಂತ ಕೇಳಬಾರದೇ?”

ಕೇಳುವುದಿಲ್ಲ. ಕೇಳಿದರೆ ಸಿನಿಮಾ ಅಲ್ಲಿಗೇ ಮುಗಿಯುತ್ತದೆ. ಕೇಳುವ ಬದಲು ಮಿಲಾನ್ ತನ್ನ ಏಜೆಂಟ್ ಕ್ರಿಸ್ಟೀನಳನ್ನು ಕಳಿಸುತ್ತಾನೆ. ಪೆರಾಂಗೆ ಬಾಗಿಲು ತೆರೆಯುವಾಗ ಅವಳು ತೊಟ್ಟ ಕಪ್ಪು ಗೌನು ಫ್ರಾನ್ಸಿನಲ್ಲಿ ಇಂದಿಗೂ ಪ್ರಸಿದ್ಧ. ಮುಂದಿನಿಂದ ಕುತ್ತಿಗೆವರೆಗೆ ಮುಚ್ಚಿದ, ತೋಳು ತುಂಬಿದ, ಮಡಿವಂತ ಉಡುಪು. ಅವಳು ತಿರುಗುತ್ತಾಳೆ. ಹಿಂದೆ ಬಟ್ಟೆಯೇ ಇಲ್ಲ! ಪೆರಾಂ ಮುಖ ನೋಡಬೇಕು ಆಗ. ಗಿ ಲಾರೋಶ್ ಎಂಬ ವಸ್ತ್ರ ವಿನ್ಯಾಸಕ ಮಾಡಿದ ಆ ಗೌನನ್ನು ನಟಿ ಮಿರೇಯ್ ದಾರ್ಕ್ ಮುಂದೆ ಪ್ಯಾರಿಸ್ಸಿನ ಅಲಂಕಾರಿಕ ಕಲೆಗಳ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಕ್ರಿಸ್ಟೀನಳ ಮನೆಯ ಆ ಭೇಟಿಯನ್ನು ಮಿಲಾನ್ ಮತ್ತು ಅವನ ತಂಡ ಪಕ್ಕದಲ್ಲಿ ಟೀವಿ ಪರದೆಯ ಮುಂದೆ ಕೂತು ನೋಡುತ್ತಿದೆ. ರಾಷ್ಟ್ರದ ರಹಸ್ಯ ಹೊರಬೀಳಬಹುದೆಂದು ಅವರು ಕಾದರೆ, ಪೆರಾಂ ಅವಳಿಗಾಗಿ ಪಿಟೀಲು ನುಡಿಸುತ್ತಾನೆ. ಬೇಹುಗಾರಿಕೆಗೆ ಬಂದ ಕ್ರಿಸ್ಟೀನಳೇ ಮೊದಲು ಸತ್ಯ ಕಂಡುಹಿಡಿಯುತ್ತಾಳೆ: ಇವನು ತಾನು ಹೇಳಿಕೊಳ್ಳುವ ಮನುಷ್ಯನೇ, ಬೇರೇನೂ ಅಲ್ಲ. ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟುತ್ತದೆ. ಎಲ್ಲರಿಗಿಂತ ಹತ್ತಿರ ಹೋಗಿ ನೋಡಿದವಳು ಅವಳೊಬ್ಬಳೇ ತಾನೆ.

ಪೆರಾಂನ ಗೆಳೆಯ ಮೋರಿಸ್‌ನ ಪಾಡು ಇನ್ನೊಂದು ಬಗೆಯದು. ಅವನು ಗೆಳೆಯನ ಮನೆಗೆ ಬಂದಾಗ ಅಲ್ಲೆಲ್ಲ ಹೆಣಗಳು. ಎರಡು ಕಡೆಯ ಏಜೆಂಟರು ಒಬ್ಬರನ್ನೊಬ್ಬರು ಕೊಂದುಕೊಂಡಿದ್ದಾರೆ. ಬೆವರಿಳಿಸಿಕೊಂಡು ಓಡಿಹೋಗಿ ಪೆರಾಂಗೆ ಹೇಳಿ, ಅವನನ್ನು ಕರೆತಂದು ತೋರಿಸುವಷ್ಟರಲ್ಲಿ ಮನೆ ಗುಡಿಸಿ ಸಾರಿಸಿದ ಹಾಗಿದೆ. ಇಡೀ ಕಥೆಯಲ್ಲಿ ನಿಜವನ್ನು ಕಣ್ಣಾರೆ ಕಂಡ ಸಾಮಾನ್ಯ ಮನುಷ್ಯ ಇವನೊಬ್ಬನೇ. ಹುಚ್ಚ ಅನಿಸಿಕೊಳ್ಳುವವನೂ ಇವನೇ.

ಚಿತ್ರಕಥೆಯಲ್ಲಿ ಈವ್ ರೋಬೇರ್ ಜೊತೆ ಕೈಜೋಡಿಸಿದವರು ಫ್ರಾನ್ಸಿಸ್ ವೆಬೇರ್. ಈ ಹೆಸರು ಕೇಳಿಲ್ಲ ಅನ್ನಬೇಡಿ. ಕೋಮಲ್ ನಟಿಸಿದ ‘ಮಿಸ್ಟರ್ ಗರಗಸ’ ನೋಡಿದ್ದರೆ ನೀವು ವೆಬೇರ್ ಅವರ ಮೂರನೆಯ ಕೈ ಮಾಲು ನೋಡಿದ್ದೀರಿ. ಅದಕ್ಕೆ ಆಧಾರ ಹಿಂದಿಯ ‘ಭೇಜಾ ಫ್ರೈ’, ಅದರ ಹಿಂದೆ ಇರುವುದು ವೆಬೇರ್ ಅವರ 1998ರ ಫ್ರೆಂಚ್ ಚಿತ್ರ. ಈ ಮನುಷ್ಯನ ಕಥೆಗಳಲ್ಲಿ ಯಾವಾಗಲೂ ಒಬ್ಬ ಸಾಧು ಸಾಮಾನ್ಯ ಇರುತ್ತಾನೆ. ಹೆಚ್ಚಿನ ಸಲ ಹೆಸರು ಫ್ರಾನ್ಸ್ವಾ, ಮುಂದಿನದು ಪೆರಾಂ ಅಥವಾ ಪಿನ್ಯೋಂ. ಬುದ್ಧಿವಂತರು, ಅಧಿಕಾರದವರು ಅವನನ್ನು ಆಟಿಕೆ ಮಾಡಿಕೊಳ್ಳಲು ನೋಡುತ್ತಾರೆ, ಕೊನೆಗೆ ಪೆಟ್ಟು ತಿನ್ನುವವರು ಅವರೇ. ‘ಗರಗಸ’ದಲ್ಲಿ ನಾವು ನಕ್ಕದ್ದೂ ಇದಕ್ಕೇ.

ಸಂಗೀತದ ಬಗ್ಗೆ ಒಂದು ಮಾತು. ಗೂಢಚಾರ ಚಿತ್ರ ಎಂದರೆ ತುತ್ತೂರಿ, ಗಿಟಾರು, ಎದೆ ನಡುಗಿಸುವ ಡ್ರಮ್ಮು ಎಂದು ಬಾಂಡ್ ಚಿತ್ರಗಳು ಅಭ್ಯಾಸ ಮಾಡಿಸಿವೆ. ಇಲ್ಲಿ ವ್ಲಾದಿಮಿರ್ ಕೊಸ್ಮಾ ಎಂಬ ರೊಮೇನಿಯಾ ಮೂಲದ ಸಂಗೀತಗಾರ ಹಳ್ಳಿಯ ಕುರುಬರು ಊದುವಂಥ ಕೊಳಲು ಬಳಸಿದರು. ಉದ್ದ-ಗಿಡ್ಡ ಕೊಳವೆಗಳನ್ನು ಸಾಲಾಗಿ ಜೋಡಿಸಿದ ವಾದ್ಯ ಅದು. ನುಡಿಸಿದವರು ಅದೇ ದೇಶದ ಗಿಯೋರ್ಗೆ ಜಾಂಫಿರ್. ಏಜೆಂಟರು ಮುಖ ಗಂಟಿಕ್ಕಿಕೊಂಡು ಕಾರಿನಲ್ಲಿ ಹಿಂಬಾಲಿಸುವಾಗ ಹಿನ್ನೆಲೆಯಲ್ಲಿ ಈ ಲವಲವಿಕೆಯ ಕೊಳಲು ಕೇಳಿದರೆ, ಆ ಗಾಂಭೀರ್ಯವೆಲ್ಲ ತಾನಾಗಿಯೇ ಸೋರಿಹೋಗುತ್ತದೆ.

ಇಲ್ಲದ ಗೂಢಚಾರನ ಕಥೆ ಇದೇ ಮೊದಲಲ್ಲ. 1959ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಮಾಡಿದ್ದರು. ಅದರಲ್ಲಿ ಸರ್ಕಾರ ಜಾರ್ಜ್ ಕಪ್ಲನ್ ಎಂಬ ಏಜೆಂಟನ ಹೆಸರಿನಲ್ಲಿ ಹೋಟೆಲಿನಿಂದ ಹೋಟೆಲಿಗೆ ಬರೀ ಬಟ್ಟೆಬರೆ ಸಾಗಿಸುತ್ತಿರುತ್ತದೆ, ಒಳಗೆ ಮನುಷ್ಯನೇ ಇಲ್ಲ. ನ್ಯೂಯಾರ್ಕಿನ ಹೋಟೆಲಿನಲ್ಲಿ ಆ ಹೆಸರು ಕೂಗಿದ ಹೊತ್ತಿಗೆ ಸರಿಯಾಗಿ ಜಾಹೀರಾತು ಕಂಪನಿಯ ಒಬ್ಬ ಕೈ ಎತ್ತುತ್ತಾನೆ, ಶತ್ರುಗಳು ಇವನೇ ಕಪ್ಲನ್ ಎಂದು ಎಳೆದೊಯ್ಯುತ್ತಾರೆ. ಆದರೆ ಅವನಿಗೆ ಬೇಗ ವಿಷಯ ತಿಳಿಯುತ್ತದೆ, ಓಡುತ್ತಾನೆ, ಹೋರಾಡುತ್ತಾನೆ, ಹೀರೋ ಆಗುತ್ತಾನೆ. ಪೆರಾಂಗೆ ಆ ಭಾಗ್ಯವೂ ಇಲ್ಲ. ನನಗೆ ಈ ಫ್ರೆಂಚ್ ಚಿತ್ರ ಹೆಚ್ಚು ಹಿಡಿಸುವುದು ಅದಕ್ಕೇ. ಸಂಶಯಕ್ಕೊಳಗಾದ ಮನುಷ್ಯನಿಗೆ ನಿಜ ಜೀವನದಲ್ಲಿ ತಾನು ಸಂಶಯಕ್ಕೊಳಗಾಗಿದ್ದೇನೆ ಎಂದು ಗೊತ್ತಾಗುವುದು ಕಡೆಯಲ್ಲಿ. 1985ರಲ್ಲಿ ಹಾಲಿವುಡ್ ಇದನ್ನು ಟಾಮ್ ಹ್ಯಾಂಕ್ಸ್ ಹಾಕಿಕೊಂಡು ಮತ್ತೆ ಮಾಡಿತು. ಬೂಟು ಕೆಂಪಾಯಿತು, ರುಚಿ ಕಡಿಮೆಯಾಯಿತು.

ಸಿನಿಮಾ ಬಂದ ಕಾಲವನ್ನು ಸ್ವಲ್ಪ ನೋಡಿ. 1972ರ ಜೂನ್ 17ರಂದು ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಐವರು ಸಿಕ್ಕಿಬಿದ್ದರು. ಕದ್ದು ಕೇಳುವ ಮೈಕ್ ಇಡುವುದು ಅವರ ಕೆಲಸ. ಅದರ ಎಳೆ ಹಿಡಿದು ಹೋದರೆ ಅಧ್ಯಕ್ಷ ನಿಕ್ಸನ್ ಅವರ ಬಾಗಿಲು ಸಿಕ್ಕಿತು, ಎರಡು ವರ್ಷಕ್ಕೆ ಅವರ ಕುರ್ಚಿ ಹೋಯಿತು. ಶ್ವೇತಭವನದ ಆ ಗುಪ್ತ ತಂಡಕ್ಕೆ ‘ಪ್ಲಂಬರ್‌ಗಳು’ ಎಂದೇ ಹೆಸರಿತ್ತು, ಏಕೆಂದರೆ ಸುದ್ದಿಯ ಸೋರಿಕೆ ನಿಲ್ಲಿಸಲು ಅದನ್ನು ಕಟ್ಟಲಾಗಿತ್ತು. ಫ್ರಾನ್ಸಿನ ಕಥೆ ಇನ್ನೂ ಸೊಗಸು. ಈ ಸಿನಿಮಾ ತೆರೆಕಂಡು ಒಂದು ವರ್ಷಕ್ಕೆ ಸರಿಯಾಗಿ, 1973ರ ಡಿಸೆಂಬರಿನ ಒಂದು ರಾತ್ರಿ, ಪ್ಯಾರಿಸ್ಸಿನ ‘ಲ ಕಾನಾರ್ ಆಂಶೆನೆ’ ಎಂಬ ವಿಡಂಬನೆಯ ವಾರಪತ್ರಿಕೆಯ ಹೊಸ ಕಚೇರಿಯಲ್ಲಿ ದೀಪ ಉರಿಯುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಪತ್ರಿಕೆಯ ವ್ಯಂಗ್ಯಚಿತ್ರಕಾರ ಇದೇನು ಈ ಹೊತ್ತಿನಲ್ಲಿ ಎಂದು ಒಳಗೆ ಹೋದರೆ, ಕೆಲಸಗಾರರ ವೇಷದವರು ನೆಲ ಗೋಡೆ ಕೆದಕುತ್ತಿದ್ದಾರೆ! ಪೈಪು ರಿಪೇರಿಯವರಂತೆ ಬಂದಿದ್ದ ಅವರು ಗುಪ್ತಚರ ಇಲಾಖೆಯವರು. ಹೊರಟಿದ್ದು ಮೈಕ್ ಇಡಲು. ದೇಶವೆಲ್ಲ ನಕ್ಕಿತು. ಶಿಕ್ಷೆ ಮಾತ್ರ ಯಾರಿಗೂ ಆಗಲಿಲ್ಲ. ಆ ವ್ಯಂಗ್ಯಚಿತ್ರಕಾರ ಒಳಗೆ ಹೋಗಿ ಕೇಳಿದರು, ನೋಡಿ. ಅತ್ತಿಗೆ ಹೇಳಿದ್ದೂ ಅದನ್ನೇ.

ಮಿಲಾನನಂತೆ ಯೋಚಿಸಲು ಗುಪ್ತಚರ ಇಲಾಖೆಯ ಕೆಲಸವೇ ಬೇಕೆಂದಿಲ್ಲ. ನನ್ನ ಪರಿಚಯದ ತಾಯಿಯೊಬ್ಬರು ಎಂಟನೆಯ ತರಗತಿಯ ಮಗನ ನೋಟ್ ಪುಸ್ತಕದ ಕೊನೆಯ ಪುಟಗಳಲ್ಲಿ ಅಂಕಿಗಳ ಸಾಲು ಕಂಡರು. 4, 0, 6, 2, 2, 8. ಪಕ್ಕದಲ್ಲಿ ಎರಡೆರಡು ಅಕ್ಷರದ ಹೆಸರುಗಳು. ಪತ್ರಿಕೆಯಲ್ಲಿ ಆ ವಾರವಷ್ಟೇ ಬೆಟ್ಟಿಂಗ್ ಜಾಲದ ಸುದ್ದಿ ಬಂದಿತ್ತು. ಅವರು ಪುಟಗಳ ಫೋಟೋ ತೆಗೆದು ಗಂಡನಿಗೆ ಕಳಿಸಿದರು, ಗಂಡ ತಮ್ಮನಿಗೆ ಕಳಿಸಿದ, ತಮ್ಮ ‘ಕೋಡ್ ಇರಬಹುದು’ ಎಂದ. ಹುಡುಗನ ಬ್ಯಾಗು, ಜೇಬು, ಫೋನು ಎಲ್ಲ ತಪಾಸಣೆಯಾಯಿತು. ಏನೂ ಸಿಗಲಿಲ್ಲ, ಆತಂಕ ಹೆಚ್ಚಿತು. ನಾಲ್ಕು ದಿನವಾದ ಮೇಲೆ ಊರಿನಿಂದ ಬಂದ ಅಜ್ಜ ಆ ಪುಟ ನೋಡಿ, “ಓ, ಬುಕ್ ಕ್ರಿಕೆಟ್ಟಾ? ಎಷ್ಟು ವಿಕೆಟ್ಟಿಗೆ ಎಷ್ಟು?” ಎಂದು ಮೊಮ್ಮಗನನ್ನು ಕೇಳಿದರು. ಪುಸ್ತಕದ ಪುಟ ತೆರೆದು ಕೊನೆಯ ಅಂಕಿ ನೋಡಿ ರನ್ ಬರೆಯುವ ಆಟ, ನಾವೆಲ್ಲ ಪಾಠದ ಹೊತ್ತಿನಲ್ಲಿ ಆಡಿದ್ದೇ. ಇದನ್ನು ಆ ತಾಯಿಯೇ ನಗುತ್ತಾ ಹೇಳಿದರು. ಹುಡುಗ ನಗಲಿಲ್ಲವಂತೆ. ಆಮೇಲೆ ಪುಸ್ತಕದ ಕೊನೆಯ ಪುಟದಲ್ಲಿ ಏನನ್ನೂ ಬರೆಯುವುದಿಲ್ಲವಂತೆ.

ಮಕ್ಕಳ ಮೇಲೆ ಕಣ್ಣಿಡಬಾರದು ಎಂದು ನಾನು ಹೇಳುತ್ತಿಲ್ಲ. ಈಗಿನ ಫೋನುಗಳೊಳಗೆ ಏನೇನು ಬರುತ್ತದೆ ಎಂದು ಬಲ್ಲ ಯಾವ ಅಪ್ಪ ಅಮ್ಮನೂ ಹಾಗೆ ಹೇಳಲಾರರು. ಆದರೆ ಮಗುವಿನ ಪಕ್ಕ ಕೂತು ‘ಇದೇನೋ’ ಎಂದು ಕೇಳುವುದಕ್ಕೂ, ಮಲಗಿದ ಮೇಲೆ ಬ್ಯಾಗು ಜಾಲಾಡುವುದಕ್ಕೂ ಇರುವ ದೂರ ಸಣ್ಣದಲ್ಲ. ಎರಡನೆಯದರಲ್ಲಿ ಏನೂ ಸಿಗದಿದ್ದರೆ ನೆಮ್ಮದಿ ಬರುವುದಿಲ್ಲ, ಇನ್ನೂ ಚೆನ್ನಾಗಿ ಹುಡುಕಬೇಕು ಅನಿಸುತ್ತದೆ.

ಇದೇ ಯಂತ್ರ ಮನೆಯಿಂದ ಬೀದಿಗೆ ಇಳಿದರೆ ಏನಾಗುತ್ತದೆ ಎಂಬುದನ್ನು ನಾವು ನಮ್ಮ ರಾಜ್ಯದಲ್ಲೇ ನೋಡಿದ್ದೇವೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸಂದೇಶಗಳು ಫೋನಿನಿಂದ ಫೋನಿಗೆ ಹಾರಿದವು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಜನ ಹೊಡೆದರು, ಅವನು ಸತ್ತ. ಜುಲೈಯಲ್ಲಿ ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ನಮ್ಮ ಹಿರಿಯರು ನೂರು ಸಲ ಮಾಡಿರುವ ಕೆಲಸ. ಹೊರಗಿನವರ ಕಾರು, ಮಕ್ಕಳು, ಚಾಕೊಲೇಟ್. ಸುದ್ದಿ ವಾಟ್ಸ್ಯಾಪಿನಲ್ಲಿ ಕಾರಿಗಿಂತ ವೇಗವಾಗಿ ಓಡಿತು. ಮುರ್ಕಿ ಎಂಬ ಊರಿನಲ್ಲಿ ದಾರಿಗೆ ಅಡ್ಡ ಹಾಕಿ ಕಾದಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಜೀವ ಹೋಯಿತು, ಅವರನ್ನು ಉಳಿಸಲು ನುಗ್ಗಿದ ಪೊಲೀಸರೂ ಗಾಯಗೊಂಡರು. ಅದೇ ತಿಂಗಳು ವಾಟ್ಸ್ಯಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸಲಾಗದಂತೆ ಮಿತಿ ಹಾಕಿತು. ನಿಮ್ಮ ಫೋನಿನಲ್ಲಿ ಈಗಲೂ ಇರುವ ಆ ಐದರ ಲೆಕ್ಕದ ಹಿಂದೆ ಇರುವುದು ಇಂಥ ಸಾವುಗಳು.

ಸಿನಿಮಾದಲ್ಲಿ ತೂಲೂಸ್ ಗೋಡೆಯ ಮೈಕಿಗೆ ಆಡಿದ ಮಾತೂ ಇಂಥದ್ದೇ ಒಂದು ಸಂದೇಶ. ಪೆರಾಂ ಪರದೆಯ ಮೇಲೆ ಬದುಕಿ ಉಳಿಯುತ್ತಾನೆ, ಏಕೆಂದರೆ ಅದು ನಗೆಚಿತ್ರ. ಗುಂಡು ಹಾರಿದಾಗಲೆಲ್ಲ ಅವನು ಬಗ್ಗಿರುತ್ತಾನೆ, ಅಥವಾ ಬೇರೆ ಕೋಣೆಯಲ್ಲಿರುತ್ತಾನೆ. ಮುರ್ಕಿಯಲ್ಲಿ ಬರೆದಿಟ್ಟ ಚಿತ್ರಕಥೆ ಇರಲಿಲ್ಲ.

ಕೊನೆಯನ್ನು ಪೂರ್ತಿ ಹೇಳಿ ನಿಮ್ಮ ಸಂತೋಷ ಕೆಡಿಸುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಪೆರಾಂ ಒಂದು ದೊಡ್ಡ ಪೆಟ್ಟಿಗೆಯನ್ನು ತಳ್ಳಿಕೊಂಡು ಹೋಗುವುದನ್ನೂ, ಆ ಪೆಟ್ಟಿಗೆಯ ಜೊತೆ ಅವನು ಮೆಲ್ಲಗೆ ಮಾತಾಡುವುದನ್ನೂ ಗಮನಿಸಿ. ಅದನ್ನು ಪರದೆಯ ಮೇಲೆ ನೋಡುತ್ತಿರುವ ತೂಲೂಸ್ ಏನು ಹೇಳುತ್ತಾನೆ ಎಂಬುದನ್ನೂ. 1974ರ ಎರಡನೆಯ ಭಾಗಕ್ಕೆ ಬೀಜ ಅಲ್ಲೇ ಇದೆ.

ಎಲ್ಲ ಮುಗಿದ ಮೇಲೆ ಪರದೆಯ ಮೇಲೆ ಒಂದು ವಾಕ್ಯ ಬರುತ್ತದೆ. ಎದ್ದುಹೋಗಬೇಡಿ. ಅದು ಫ್ರಾನ್ಸಿನ ನಾಗರಿಕ ಸಂಹಿತೆಯ 9ನೆಯ ಕಲಮು: ಪ್ರತಿಯೊಬ್ಬನಿಗೂ ತನ್ನ ಖಾಸಗಿ ಬದುಕನ್ನು ಇತರರು ಗೌರವಿಸಬೇಕೆಂಬ ಹಕ್ಕಿದೆ ಎಂದು ಅದರ ಅರ್ಥ. ಆ ದೇಶದ ಕಾನೂನಿಗೆ ಇದು ಸೇರಿದ್ದು 1970ರಲ್ಲಿ, ಅಂದರೆ ಸಿನಿಮಾಕ್ಕೆ ಎರಡೇ ವರ್ಷ ಮುಂಚೆ. ಒಂದೂವರೆ ಗಂಟೆ ಕಂಡವರ ಮನೆಗೆ ಮೈಕ್ ಇಟ್ಟು ನಗಿಸಿ, ಕೊನೆಗೆ ಕಾನೂನು ಪುಸ್ತಕ ತೆರೆದು ತೋರಿಸುವ ತುಂಟತನ ನನಗೆ ತುಂಬ ಇಷ್ಟ.

ಮೊಮ್ಮಗಳು ಕೇಳಿದಳು, ನಮ್ಮಲ್ಲಿ ಇಂಥದ್ದು ಇದೆಯಾ ಎಂದು. ಇದೆ, ಮತ್ತು ಅದಕ್ಕಾಗಿ ಬಾಗಿಲು ತಟ್ಟಿದವರಲ್ಲಿ ಮೊದಲಿಗರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣ ಬೆಳೆದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಕಾನೂನು ಓದುವ ಮಕ್ಕಳು ಈಗ ದೇಶದೆಲ್ಲೆಡೆ ‘ಪುಟ್ಟಸ್ವಾಮಿ ತೀರ್ಪು’ ಎಂದೇ ಅದನ್ನು ಓದುತ್ತಾರೆ. ಅವರು 2024ರಲ್ಲಿ ತೀರಿಕೊಂಡರು. ಮೊಮ್ಮಗಳಿಗೆ ಇದನ್ನು ಹೇಳಿದಾಗ ಅವಳ ಮುಂದಿನ ಪ್ರಶ್ನೆ ಸಿದ್ಧವಾಗಿತ್ತು: “ಹಾಗಾದರೆ ಅಮ್ಮ ನನ್ನ ಡೈರಿ ಓದಬಹುದಾ?” ಅವಳ ಅಮ್ಮ ಅಡುಗೆಮನೆಯಿಂದ ಉತ್ತರ ಕೊಡಲಿಲ್ಲ.

ಇನ್ನು ನೋಡುವವರಿಗೆ ಎರಡು ಮಾತು. ಚಿತ್ರ ಒಂದೂವರೆ ಗಂಟೆಯದು, ಇಂಗ್ಲಿಷ್ ಅಡಿಬರಹದೊಂದಿಗೆ ಸಿಗುತ್ತದೆ. ಪೆರಾಂಗೂ ಮೋರಿಸ್‌ನ ಹೆಂಡತಿಗೂ ನಡುವೆ ಒಂದು ಪ್ರಕರಣವಿದೆ, ಕ್ರಿಸ್ಟೀನಳ ಮನೆಯ ದೃಶ್ಯವಿದೆ, ಆದ್ದರಿಂದ ದೊಡ್ಡವರು ಮೊದಲು ಒಮ್ಮೆ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಹನ್ನೆರಡು ದಾಟಿದ ಮಕ್ಕಳಿಗೆ ನಾನು ತೋರಿಸುತ್ತೇನೆ. ಇನ್ನೂ ಚಿಕ್ಕವರಿದ್ದರೆ ಅದೇ ಪಿಯೇರ್ ರಿಷಾರ್ ನಟಿಸಿ, ಅದೇ ವೆಬೇರ್ 1976ರಲ್ಲಿ ನಿರ್ದೇಶಿಸಿದ ‘ಲ ಜುವೆ’ ಹುಡುಕಿ. ಅದರಲ್ಲಿ ಶ್ರೀಮಂತನ ಮಗನೊಬ್ಬ ಆಟಿಕೆಯ ಅಂಗಡಿಗೆ ಹೋಗಿ, ಆಟಿಕೆ ಬೇಡ, ಅಲ್ಲಿ ನಿಂತಿರುವ ಆ ಮನುಷ್ಯನೇ ಬೇಕು ಅನ್ನುತ್ತಾನೆ. ಆ ಮನುಷ್ಯನ ಹೆಸರೂ ಫ್ರಾನ್ಸ್ವಾ ಪೆರಾಂ.